ಅಮೆರಿಕದ ಚುನಾಯಕರೂ ಕೊಟ್ಟ ಮಾತೂ

ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೂ ಬರೆಯಲೇಬೇಕೆಂಬ ವಾಡಿಕೆಯುಂಟು. ಹೊಸ ಕೊಠಡಿಗಳ ವಿಚಾರವನ್ನೋ ಪರೀಕ್ಷೆಯ ಫಲಿತಾಂಶವನ್ನೋ ಕುರಿತು ನಾಲ್ಕು ಮಾತು ಬರೆಯುವೆನೆಂದು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ನಿರೀಕ್ಷಿಸಿದ್ದರೆ ಮನ್ನಿಸಬೇಕು. ಅವು ವಾರ್ಷಿಕ ವರದಿಯಲ್ಲಿ ಬರುತ್ತವೆ. ನನ್ನ ಮೇಜಿನ ಮೇಲೆ ಒಂದು ಕಾಗದವು ಬಹುದಿನಗಳಿಂದ ಉತ್ತರವಿಲ್ಲದೆ ಬಿದ್ದಿದೆ. ಅದಕ್ಕೆ ಇಲ್ಲಿಯೇ ಉತ್ತರ ಬರೆಯುವೆನು.

ಕಾಗದವನ್ನು ಬರೆದವಳು ನಮ್ಮ ಹಳೆಯ ವಿದ್ಯಾರ್ಥಿನಿ. ಮದುವೆಯಾಗಿ ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ನೆಲಸಿದ್ದಾಳೆ. ಅಲ್ಲಿಯ ಪೌರತ್ವವನ್ನು ಪಡೆದು 2024ರ ನವೆಂಬರಿನಲ್ಲಿ ಮೊದಲನೆಯ ಸಲ ಮತ ಹಾಕಿದಳಂತೆ. ಹಾಕಿ ಬಂದ ಮೇಲೆ ಅವಳಿಗೆ ತಿಳಿದುಬಂದುದೇನೆಂದರೆ, ತಾನು ಮತ ಕೊಟ್ಟುದು ಅಧ್ಯಕ್ಷಪದವಿಯ ಅಭ್ಯರ್ಥಿಗಲ್ಲ, ಹತ್ತೊಂಬತ್ತು ಮಂದಿ ಅಪರಿಚಿತರಿಗೆ ಎಂಬುದು. “ಟೀಚರ್, ಆ ಹತ್ತೊಂಬತ್ತು ಮಂದಿ ಡಿಸೆಂಬರಿನಲ್ಲಿ ಸೇರಿ ತಮಗೆ ತೋಚಿದವರಿಗೆ ಮತ ಕೊಟ್ಟುಬಿಟ್ಟರೆ ನಾನು ಯಾರನ್ನು ಕೇಳಲಿ? ಮನಸ್ಸಾಕ್ಷಿಯಂತೆ ನಡೆಯಿರಿ ಎಂದು ನೀವೇ ನಮಗೆ ಕಲಿಸಿದಿರಿ. ಕೊಟ್ಟ ಮಾತಿಗೆ ತಪ್ಪಬೇಡಿರಿ ಎಂದೂ ನೀವೇ ಕಲಿಸಿದಿರಿ. ಇವರು ಯಾವುದನ್ನು ಪಾಲಿಸಬೇಕು?” ಎಂದು ಕೇಳಿದ್ದಾಳೆ.

ಸಂಗತಿಯನ್ನು ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನನ್ನು ಜನರು ನೇರವಾಗಿ ಆರಿಸುವುದಿಲ್ಲ. ಕೇಂದ್ರದ ಎರಡು ಶಾಸನಸಭೆಗಳಲ್ಲಿ ಒಂದೊಂದು ಸಂಸ್ಥಾನಕ್ಕೆ ಎಷ್ಟು ಸ್ಥಾನಗಳಿವೆಯೋ ಅಷ್ಟು ಮಂದಿ ಚುನಾಯಕರು ಆ ಸಂಸ್ಥಾನಕ್ಕೆ ದೊರೆಯುತ್ತಾರೆ. ರಾಜಧಾನಿಯಾದ ವಾಷಿಂಗ್ಟನ್ ನಗರದ ಮೂವರನ್ನು ಕೂಡಿಸಿ ಒಟ್ಟು 538 ಮಂದಿ. ಗೆಲ್ಲಲು 270 ಮತಗಳು ಬೇಕು. ಪ್ರತಿಯೊಂದು ಪಕ್ಷದ ಕಡೆಯಿಂದಲೂ ಚುನಾಯಕರ ಪಟ್ಟಿಯೊಂದು ಮೊದಲೇ ಸಿದ್ಧವಾಗಿರುತ್ತದೆ. ಮೇಯ್ನ್ ಮತ್ತು ನೆಬ್ರಾಸ್ಕ ಎಂಬೆರಡು ಸಂಸ್ಥಾನಗಳನ್ನು ಬಿಟ್ಟರೆ ಉಳಿದೆಡೆಗಳಲ್ಲಿ, ಯಾವ ಅಭ್ಯರ್ಥಿಗೆ ಒಂದು ಮತವಾದರೂ ಹೆಚ್ಚಾಗಿ ಬಂದಿತೋ ಆತನ ಪಟ್ಟಿಯ ಎಲ್ಲರೂ ಚುನಾಯಕರಾಗುತ್ತಾರೆ. ಅವರು ಡಿಸೆಂಬರಿನಲ್ಲಿ ತಮ್ಮ ತಮ್ಮ ಸಂಸ್ಥಾನಗಳಲ್ಲಿಯೇ ಕೂಡಿ ಮತ ಹಾಕುತ್ತಾರೆ. ಜನವರಿಯ 6ನೆಯ ತಾರೀಖು ಆ ಮತಗಳ ಎಣಿಕೆ. ಅನೇಕ ಸಂಸ್ಥಾನಗಳ ಮತಪತ್ರದಲ್ಲಿ ಈ ಚುನಾಯಕರ ಹೆಸರುಗಳೇ ಅಚ್ಚಾಗಿರುವುದಿಲ್ಲ. ಮತ ಹಾಕುವವಳ ಕಣ್ಣಿಗೆ ಕಾಣುವುದು ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರು ಮಾತ್ರ.

ಇಂಥ ವಿಚಿತ್ರವಾದ ಏರ್ಪಾಡು ಏತಕ್ಕೆ ಹುಟ್ಟಿತು? 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿ ರಾಜ್ಯಾಂಗವನ್ನು ರಚಿಸಿದ ಹಿರಿಯರ ಕಾಲದಲ್ಲಿ ಪಕ್ಷಗಳು ಇನ್ನೂ ಬಲಿತಿರಲಿಲ್ಲ. ಅಲೆಗ್ಸಾಂಡರ್ ಹ್ಯಾಮಿಲ್ಟನ್ನನು 1788ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಸಮರ್ಥಿಸಿದನು. ಜನರು ತಮ್ಮೊಳಗಿನ ವಿವೇಕಿಗಳನ್ನು ಆರಿಸಲಿ, ಆ ವಿವೇಕಿಗಳು ಶಾಂತವಾಗಿ ಕುಳಿತು ಯೋಗ್ಯನಾರೆಂದು ವಿಚಾರಿಸಲಿ ಎಂಬುದು ಆತನ ಅಭಿಪ್ರಾಯ. ಚುನಾಯಕನು ಸ್ವತಂತ್ರನಾಗಿರಬೇಕೆನ್ನುವವರು ಇಂದಿಗೂ ಈ ಲೇಖನವನ್ನೇ ಮುಂದಿಡುತ್ತಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಚುನಾಯಕನು ಮೊದಲೇ ಮಾತು ಕೊಟ್ಟಿರಬೇಕೆಂದು ರಾಜ್ಯಾಂಗದಲ್ಲಿ ಎಲ್ಲಿಯೂ ಹೇಳಿಲ್ಲ; ಅವನು ಚೀಟಿಯಿಂದ ಮತ ಹಾಕತಕ್ಕದ್ದೆಂದು ಮಾತ್ರ ಹೇಳಿದೆ. ವಿಚಾರಮಾಡುವ ಅಧಿಕಾರವೇ ಇಲ್ಲದವನಿಗೆ ಚೀಟಿಯೇಕೆ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಆದರೆ ಹಿರಿಯರು ಎಣಿಸಿದಂತೆ ನಡೆದುದು ಜಾರ್ಜ್ ವಾಷಿಂಗ್ಟನ್ನನ ಎರಡು ಚುನಾವಣೆಗಳಲ್ಲಿ ಮಾತ್ರ. 1796ರ ಹೊತ್ತಿಗೆ ಪಕ್ಷಗಳು ಎದುರುಬದುರಾಗಿ ನಿಂತಿದ್ದವು. ನನ್ನ ವಿದ್ಯಾರ್ಥಿನಿಯ ಪೆನ್ಸಿಲ್ವೇನಿಯದಲ್ಲಿಯೇ, ಹಿಂದೆ ಫಿಲಡೆಲ್ಫಿಯದ ಮೇಯರಾಗಿದ್ದ ಸ್ಯಾಮ್ಯುಯೆಲ್ ಮೈಲ್ಸ್ ಎಂಬಾತನು ಆಡಮ್ಸನ ಪಕ್ಷದವನಾಗಿ ಆರಿಸಿಬಂದು ಜೆಫರ್ಸನ್ನನಿಗೆ ಮತವಿತ್ತನು. ಆತನಿಗೆ ಮತ ಕೊಟ್ಟಿದ್ದವನೊಬ್ಬನು ಪತ್ರಿಕೆಗೆ ಸಿಟ್ಟಿನಿಂದ ಬರೆದನು: ತಾನು ಮೈಲ್ಸನನ್ನು ಆರಿಸಿದ್ದು ತನ್ನ ಪರವಾಗಿ ಕೆಲಸಮಾಡುವುದಕ್ಕೆ, ತನಗೆ ಬದಲಾಗಿ ಯೋಚಿಸುವುದಕ್ಕಲ್ಲ ಎಂಬುದು ಅವನ ದೂರಿನ ತಾತ್ಪರ್ಯ. ರಾಜ್ಯಾಂಗಕ್ಕೆ ಆಗ ಹತ್ತು ವರುಷ ಕೂಡ ತುಂಬಿರಲಿಲ್ಲ. 1800ರಲ್ಲಿ ಜೆಫರ್ಸನ್ನನಿಗೂ ಅವನ ಜೊತೆಗಾರ ಬರ್ರನಿಗೂ ತಲಾ 73 ಮತಗಳು ಬಿದ್ದು, ಪ್ರತಿನಿಧಿಸಭೆಯಲ್ಲಿ 36 ಸಲ ಮತ ತೆಗೆದುಕೊಂಡ ಮೇಲೆ ಜೆಫರ್ಸನ್ನನು ಅಧ್ಯಕ್ಷನಾದನು. ಪಕ್ಷ ಹೇಳಿದಂತೆ ಚುನಾಯಕರೆಲ್ಲರೂ ಒಂದೇ ಜೋಡಿಗೆ ಮತವಿತ್ತುದರಿಂದಲೇ ಈ ತೊಡಕು. ಅದನ್ನು ಬಿಡಿಸಲು 1804ರಲ್ಲಿ ರಾಜ್ಯಾಂಗವನ್ನು ತಿದ್ದಿ, ಅಧ್ಯಕ್ಷನಿಗೆ ಬೇರೆ, ಉಪಾಧ್ಯಕ್ಷನಿಗೆ ಬೇರೆ ಮತ ಎಂದು ಗೊತ್ತುಮಾಡಿದರು. ಪಕ್ಷದ ಪಟ್ಟಿಯನ್ನು ರಾಜ್ಯಾಂಗವೇ ಒಪ್ಪಿಕೊಂಡಂತಾಯಿತೆಂದು ನನಗೆ ತೋರುತ್ತದೆ.

ಸ್ವಾತಂತ್ರ್ಯವಿದ್ದಾಗ ಚುನಾಯಕರು ಅದನ್ನು ಹೇಗೆ ಬಳಸಿದರು? ಇದನ್ನು ಓದುವವರೆಗೆ ನಾನೂ ಹ್ಯಾಮಿಲ್ಟನ್ನನ ಕಡೆಯೇ ಒಲಿದಿದ್ದೆನು. ಮನಸ್ಸಾಕ್ಷಿಯೆಂಬ ಮಾತು ನಮ್ಮಂಥ ಶಾಲೆಗಳಲ್ಲಿ ಬೆಳೆದವರಿಗೆ ಬಹು ಪ್ರಿಯವಾದುದು. 1836ರಲ್ಲಿ ವರ್ಜೀನಿಯದ 23 ಚುನಾಯಕರು ತಮ್ಮ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾದ ರಿಚರ್ಡ್ ಜಾನ್ಸನ್ನನಿಗೆ ಮತ ಕೊಡಲೊಲ್ಲೆವೆಂದರು. ಅವನಿಗೆ ಬಹುಮತಕ್ಕೆ ಒಂದೇ ಒಂದು ಮತ ಕಡಮೆಯಾಗಿ, ಕೊನೆಗೆ ಸೆನೆಟ್ ಸಭೆಯೇ ಅವನನ್ನು ಆರಿಸಬೇಕಾಯಿತು. ಅವರ ಮನಸ್ಸಾಕ್ಷಿಯನ್ನು ಕೆರಳಿಸಿದುದೇನು? ಜಾನ್ಸನ್ನನು ಜೂಲಿಯ ಚಿನ್ ಎಂಬ ದಾಸಿಯೊಡನೆ ಮನೆಯೊಡತಿಯೆಂಬಂತೆ ಬಾಳಿ, ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನು ತನ್ನವರೆಂದು ಬಹಿರಂಗವಾಗಿ ಒಪ್ಪಿ ಅವರಿಗೆ ವಿದ್ಯೆ ಕೊಡಿಸಿದ್ದನು. ಜೂಲಿಯಳಿಗೆ ಮಾತ್ರ ಸಾಯುವವರೆಗೂ ಬಿಡುಗಡೆ ಕೊಡಲಿಲ್ಲ; ಅದು ಅವನ ಪಾಪ. ಆದರೆ ವರ್ಜೀನಿಯದವರನ್ನು ನೋಯಿಸಿದುದು ಆ ಪಾಪವಲ್ಲ. ಆಕೆಯನ್ನೂ ಆಕೆಯ ಮಕ್ಕಳನ್ನೂ ಮರೆಮಾಡದೆ ಇದ್ದುದೇ ಅವರಿಗೆ ಅಪರಾಧವಾಗಿ ಕಂಡಿತು.

ಇದೊಂದೇ ಆಗಿದ್ದರೆ ಹಳೆಯ ಕಾಲದ ಕಥೆಯೆಂದು ಬಿಡಬಹುದಾಗಿತ್ತು. 1948ರಲ್ಲಿ ಟೆನೆಸ್ಸಿಯ ಚುನಾಯಕನೊಬ್ಬನು, ತನ್ನ ಸಂಸ್ಥಾನದಲ್ಲಿ ಟ್ರೂಮನ್ನನು ಗೆದ್ದಿದ್ದರೂ, ವರ್ಣಭೇದವನ್ನೇ ಧ್ವಜವಾಗಿ ಹಿಡಿದಿದ್ದ ಥರ್ಮಂಡನಿಗೆ ಮತವಿತ್ತನು. 1960ರಲ್ಲಿ ಒಕ್ಲಹೋಮದ ಒಬ್ಬನು ನಿಕ್ಸನ್ನನನ್ನು ಬಿಟ್ಟು ವರ್ಜೀನಿಯದ ಬರ್ಡನಿಗೆ ಕೊಟ್ಟನು. ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಬಾರದೆಂದು ಹೋರಾಡಿದ ಮುಂದಾಳು ಈ ಬರ್ಡ್. 1968ರಲ್ಲಿ ಉತ್ತರ ಕರೋಲಿನದ ಒಬ್ಬನು ನಿಕ್ಸನ್ನನ ಮತವನ್ನು ವ್ಯಾಲೆಸನಿಗೆ ಒಪ್ಪಿಸಿದನು; ಆಕ್ಷೇಪಣೆ ಎದ್ದರೂ ಅದು ಎಣಿಕೆಗೆ ಸೇರಿತು. ಎಲ್ಲ ಜಾತಿಮತಗಳ ಹುಡುಗಿಯರನ್ನು ಒಂದೇ ಬೆಂಚಿನ ಮೇಲೆ ಕೂರಿಸುವ ಶಾಲೆಯವಳಾದ ನಾನು ಈ ಸ್ವತಂತ್ರರನ್ನು ಹೇಗೆ ಹೊಗಳಲಿ?

ಬೇರೆ ಬಗೆಯ ಉದಾಹರಣೆಗಳೂ ಇಲ್ಲದಿಲ್ಲ. 1972ರಲ್ಲಿ ವರ್ಜೀನಿಯದ ಚುನಾಯಕನೊಬ್ಬನು ನಿಕ್ಸನ್ನನ ಪಟ್ಟಿಯಲ್ಲಿ ಬಂದು, ಉಪಾಧ್ಯಕ್ಷ ಪದವಿಗೆ ಟೋನಿ ನೇಥನ್ ಎಂಬ ಮಹಿಳೆಗೆ ಮತ ಹಾಕಿದನು. ಚುನಾಯಕರ ಮತವೊಂದನ್ನು ಪಡೆದ ಮೊದಲ ಸ್ತ್ರೀ ಆಕೆ. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಸಂತೋಷಪಡಬೇಡವೆ? ಪಟ್ಟೆನು; ಆದರೆ ಆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ವರ್ಜೀನಿಯದ ಜನರು ಆಕೆಗೆ ಕೊಟ್ಟ ಮತವಲ್ಲ ಅದು. ಅವರ ಕೈಯಿಂದ ತೆಗೆದು ಆಕೆಗೆ ಕೊಟ್ಟದ್ದು. ಇನ್ನು 2004ರಲ್ಲಿ ಮಿನಸೋಟದ ಚೀಟಿಯೊಂದರಲ್ಲಿ ಅಧ್ಯಕ್ಷ ಪದವಿಗೆ ಕೆರಿಯ ಬದಲು ಉಪಾಧ್ಯಕ್ಷ ಅಭ್ಯರ್ಥಿ ಎಡ್ವರ್ಡ್ಸನ ಹೆಸರು ಕಂಡಿತು, ಅದೂ ಒಂದಕ್ಷರ ಬಿಟ್ಟು. ಬರೆದವನು ಯಾರೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಎಂಟನೆಯ ತರಗತಿಯಲ್ಲಾಗಿದ್ದರೆ ನಾನು ಚೀಟಿಯನ್ನು ಹಿಂದಕ್ಕೆ ಕೊಟ್ಟು ಸರಿಯಾಗಿ ಬರೆದು ತಾ ಎನ್ನುತ್ತಿದ್ದೆನು. ಅಲ್ಲಿ ಅದು ಒಂದು ಸಂಸ್ಥಾನದ ಜನರ ಮತವಾಗಿ ದಾಖಲೆಗೆ ಸೇರಿತು.

ಸ್ವಾತಂತ್ರ್ಯವಾದಿಗಳು ಹೆಚ್ಚಾಗಿ ನೆನೆಯುವುದು 2016ರ ಚುನಾವಣೆಯನ್ನು. ಹಿಲರಿ ಕ್ಲಿಂಟನ್ನರಿಗೆ ಜನಮತ ಸುಮಾರು 29 ಲಕ್ಷ ಹೆಚ್ಚಾಗಿ ಬಂದಿದ್ದರೂ ಚುನಾಯಕರ ಲೆಕ್ಕದಲ್ಲಿ ಡೊನಾಲ್ಡ್ ಟ್ರಂಪರು ಮುಂದಿದ್ದರು. ಎರಡು ಪಕ್ಷದವರೂ ಒಪ್ಪುವ ಮೂರನೆಯವರೊಬ್ಬರನ್ನು ನಿಲ್ಲಿಸೋಣವೆಂದು ಕೆಲವು ಚುನಾಯಕರು ಪ್ರಯತ್ನಿಸಿದರು. ವಾಷಿಂಗ್ಟನ್ ಸಂಸ್ಥಾನದಲ್ಲಿ ಕ್ಲಿಂಟನ್ನರ ಪಟ್ಟಿಯ ಮೂವರು ಕಾಲಿನ್ ಪವೆಲ್ಲರಿಗೆ ಮತ ಹಾಕಿದರು. ನಾಲ್ಕನೆಯವನು ಮೂಲನಿವಾಸಿ ಮಹಿಳೆಯಾದ ಫೇಯ್ತ್ ಸ್ಪಾಟೆಡ್ ಈಗಲ್ ಅವರಿಗೆ ಹಾಕಿದನು. ಈ ನಾಲ್ವರ ಮತಗಳೂ ಎಣಿಕೆಗೆ ಬಂದವು. ತಲಾ ಒಂದು ಸಾವಿರ ಡಾಲರ್ ದಂಡವೂ ಬಿದ್ದಿತು. ಕೊಲರಾಡೋವಿನಲ್ಲಿ ಹೀಗೆ ಮಾಡಲು ಹೊರಟವನ ಚೀಟಿಯನ್ನು ಒಪ್ಪದೆ ಅವನನ್ನು ತೆಗೆದು ಬೇರೊಬ್ಬರನ್ನು ನೇಮಿಸಿದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2020ರ ಜುಲೈ 6ರಂದು ತೀರ್ಪಾಯಿತು. ವಾಷಿಂಗ್ಟನ್ನಿನ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರೂ ಏಕಾಭಿಪ್ರಾಯರಾಗಿದ್ದರು. ತೀರ್ಪನ್ನು ಬರೆದವರು ಎಲೆನಾ ಕೇಗನ್ ಎಂಬ ಮಹಿಳೆ. ಚುನಾಯಕರನ್ನು ನೇಮಿಸುವ ಅಧಿಕಾರ ಸಂಸ್ಥಾನಕ್ಕೆ ಇರುವುದರಿಂದ, ಕೊಟ್ಟ ಮಾತಿನಂತೆ ನಡೆಯಬೇಕೆಂದು ಷರತ್ತು ಹಾಕಿ ಅದನ್ನು ನಡೆಸಿಕೊಳ್ಳುವ ಅಧಿಕಾರವೂ ಇದೆಯೆಂಬುದು ತೀರ್ಪಿನ ಸಾರ. ಆವರೆಗೆ ಬಿದ್ದ 23,000ಕ್ಕೂ ಮಿಕ್ಕ ಚುನಾಯಕ ಮತಗಳಲ್ಲಿ ಮಾತು ತಪ್ಪಿದವು ಸುಮಾರು 180 ಮಾತ್ರವೆಂದೂ ಅದರಲ್ಲಿ ಲೆಕ್ಕ ತೋರಿಸಿದೆ.

ಸಂಖ್ಯೆ ಸಣ್ಣದೆಂದು ಸುಮ್ಮನಿರುವಂತಿಲ್ಲ. 2000ದ ಚುನಾವಣೆಯಲ್ಲಿ ಬುಷ್ಷರಿಗೆ ಬಂದುದು 271. ಹತ್ತು ಕೋಟಿಗೂ ಹೆಚ್ಚು ಜನ ಮತ ಹಾಕಿದ್ದ ಆ ಚುನಾವಣೆಯಲ್ಲಿ, ಅವರ ಪಟ್ಟಿಯ ಇಬ್ಬರು ಚುನಾಯಕರು ಮನಸ್ಸು ಬದಲಿಸಿದ್ದರೆ ಬಹುಮತವೇ ಇಲ್ಲದೆ ಹೋಗುತ್ತಿತ್ತು.

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಮಾತು ಹೆಚ್ಚೋ ಮನಸ್ಸಾಕ್ಷಿ ಹೆಚ್ಚೋ ಎಂದು ಬರಿದೆ ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು. ಕೇಳಿದ ಮಕ್ಕಳೆಲ್ಲರೂ ಕಣ್ಣೀರು ತುಂಬಿಕೊಂಡು ಮೆಚ್ಚುತ್ತಾರೆ. ಹೆರೋದನೂ ಆಣೆಯಿಟ್ಟು ಕೊಟ್ಟ ಮಾತನ್ನು ಉಳಿಸಿಕೊಂಡನು. ಸ್ನಾನಿಕನಾದ ಯೋಹಾನನ ತಲೆ ಹರಿವಾಣದಲ್ಲಿ ಬಂದಿತು. ಸತ್ಯವೇದದ ತರಗತಿಯಲ್ಲಿ ಪ್ರತಿವರುಷವೂ ಯಾವಳಾದರೊಬ್ಬ ಹುಡುಗಿ ಈ ಎರಡನ್ನೂ ಎದುರುಬದುರಿಟ್ಟು ನನ್ನನ್ನು ಕೇಳದೆ ಬಿಡುವುದಿಲ್ಲ. ನಾನು ಕೊಡುವ ಉತ್ತರ ಇಷ್ಟು: ಪುಣ್ಯಕೋಟಿ ಪಣವಾಗಿಟ್ಟದ್ದು ತನ್ನ ಪ್ರಾಣವನ್ನು, ಹೆರೋದನು ಪರರ ಪ್ರಾಣವನ್ನು. ಮಾತನ್ನು ಉಳಿಸುವಾಗಲೂ ಮುರಿಯುವಾಗಲೂ ವೆಚ್ಚವಾಗುತ್ತಿರುವುದು ಯಾರ ಸೊತ್ತು ಎಂಬುದನ್ನು ನೋಡಬೇಕು. ಚುನಾಯಕನ ಕೈಯಲ್ಲಿರುವ ಮತ ಅವನದಲ್ಲ. ತನ್ನದಾದ ಮತವನ್ನು ಅವನು ಎಲ್ಲರಂತೆಯೇ ನವೆಂಬರಿನಲ್ಲಿ ಹಾಕಿ ಮುಗಿಸಿದ್ದಾನೆ. ಡಿಸೆಂಬರಿನಲ್ಲಿ ಅವನ ಕೈಯಲ್ಲಿರುವುದು, ಅವನ ಹೆಸರನ್ನೂ ಕೇಳರಿಯದ ಲಕ್ಷಾಂತರ ಜನರು ಒಪ್ಪಿಸಿದ ವಸ್ತು. ಅಂಚೆಯವನಿಗೆ ಮನಸ್ಸಾಕ್ಷಿಯಿದೆ; ಆದಕಾರಣ ಅವನು ಕಾಗದವನ್ನು ಒಡೆದು ತಿದ್ದಬಹುದೆಂದು ಯಾರೂ ಹೇಳುವುದಿಲ್ಲ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನೇ ಒಮ್ಮೆ ತಪ್ಪು ತೀರ್ಪು ಕೊಟ್ಟು ಕಲಿತದ್ದು. ಸುಮಾರು ಇಪ್ಪತ್ತು ವರುಷಗಳ ಹಿಂದೆ ನಾನು ಈ ಶಾಲೆಗೆ ಹೊಸ ಅಧ್ಯಾಪಿಕೆಯಾಗಿ ಬಂದಿದ್ದಾಗ, ಪ್ರತಿ ತರಗತಿಯೂ ಒಬ್ಬ ಹುಡುಗಿಯನ್ನು ಕಳುಹಿಸಿ, ಆ ಹುಡುಗಿಯರು ಕೂಡಿ ಶಾಲಾನಾಯಕಿಯನ್ನು ಆರಿಸುವ ಪದ್ಧತಿಯಿತ್ತು. ಒಂಬತ್ತನೆಯ ತರಗತಿಯವರು ಕೈಯೆತ್ತಿ, ಬಹುಮತದಿಂದ ಒಬ್ಬಳ ಹೆಸರನ್ನು ಹೇಳಿ ಕಳುಹಿಸಿದರು. ಹೋದವಳು ಮತ ಹಾಕಿದ್ದು ಬೇರೊಬ್ಬಳಿಗೆ, ಹಾಸ್ಟೆಲಿನ ಒಬ್ಬ ಬಡ ಹುಡುಗಿಗೆ. ಅವಳೇ ಹೆಚ್ಚು ಯೋಗ್ಯಳೆಂದು ತನಗೆ ತೋರಿತೆಂದಳು. ಆ ಒಂದು ಮತದಿಂದಲೇ ಹಾಸ್ಟೆಲಿನವಳು ಗೆದ್ದಳು. ತರಗತಿಯವರೆಲ್ಲರೂ ಅತ್ತು ನನ್ನ ಬಳಿಗೆ ಬಂದರು. ನಾನು ಮಾರನೆಯ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಆ ಹುಡುಗಿಯ ಧೈರ್ಯವನ್ನು ಕೊಂಡಾಡಿ ಒಂದು ಪುಟ್ಟ ಉಪದೇಶವನ್ನೇ ಮಾಡಿಬಿಟ್ಟೆನು. ಮುಗಿದ ಮೇಲೆ ಕೊನೆಯ ಸಾಲಿನಿಂದ ಬಂದ ಒಬ್ಬಳು, “ಟೀಚರ್, ಹಾಗಾದರೆ ನಾವು ಕೈಯೆತ್ತಿದ್ದು ಏತಕ್ಕೆ?” ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಗೆದ್ದ ಹುಡುಗಿ ಆ ವರುಷ ಬಹು ಚೆನ್ನಾಗಿ ಕೆಲಸ ಮಾಡಿದಳೆಂಬುದು ನಿಜ. ಆದರೆ ಆ ಪ್ರಶ್ನೆಗೆ ಅದು ಉತ್ತರವಲ್ಲ. ಮುಂದಿನ ವರುಷದಿಂದ ತರಗತಿಯ ಎಣಿಕೆಯನ್ನೇ ಚೀಟಿಯಲ್ಲಿ ಬರೆದು ಕಚೇರಿಗೆ ಕಳುಹಿಸುವ ಏರ್ಪಾಡಾಯಿತು.

ಹಾಗಾದರೆ ಚುನಾಯಕನ ಮನಸ್ಸಾಕ್ಷಿಗೆ ಎಡೆಯೇ ಇಲ್ಲವೆ? ಇದೆ, ಅದು ಮಾತು ಕೊಡುವ ಮುಂಚೆ. ಮಾತು ಕೊಟ್ಟ ಮೇಲೆ ಮನಸ್ಸು ಒಪ್ಪದಿದ್ದರೆ ಸ್ಥಾನವನ್ನು ಬಿಟ್ಟುಕೊಡಬಹುದು. 2016ರಲ್ಲಿ ಟೆಕ್ಸಾಸಿನ ಚುನಾಯಕನೊಬ್ಬನು ಹಾಗೆಯೇ ಮಾಡಿದನು: ಟ್ರಂಪರಿಗೆ ಮತ ಕೊಡಲಾರೆ, ಕೊಟ್ಟ ಮಾತನ್ನೂ ಮುರಿಯಲಾರೆ ಎಂದು ರಾಜೀನಾಮೆಯಿತ್ತನು. ಆ ವರುಷದ ಗದ್ದಲದಲ್ಲಿ ಅವನ ಹೆಸರನ್ನು ಹೆಚ್ಚಾಗಿ ಯಾರೂ ಎತ್ತಲಿಲ್ಲ. ಅಭ್ಯರ್ಥಿಯೇ ಸತ್ತುಹೋದರೆ ಮಾತ್ರ ಬೇರೆ ವಿಚಾರ. 1872ರಲ್ಲಿ ಹೊರೇಸ್ ಗ್ರೀಲಿಯು ಚುನಾವಣೆಯ ತರುವಾಯ, ಚುನಾಯಕರು ಕೂಡುವ ಮುಂಚೆ ತೀರಿಕೊಂಡನು; ಅವನ ಪಟ್ಟಿಯವರಲ್ಲಿ 63 ಮಂದಿ ಮತಗಳನ್ನು ಬೇರೆಯವರಿಗೆ ಹಂಚಿದರು. ಮೂವರು ಸತ್ತವನಿಗೇ ಹಾಕಿದರು. ಆ ಮೂರೂ ಎಣಿಕೆಗೆ ಸೇರಲಿಲ್ಲ. ಮೇಲೆ ಹೇಳಿದ 180ರಲ್ಲಿ ಮೂರನೆಯ ಒಂದು ಪಾಲು ಇವರದೇ. ಇವರನ್ನು ಮಾತು ತಪ್ಪಿದವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಸತ್ತ ಅಭ್ಯರ್ಥಿಗೆ ಚುನಾಯಕನನ್ನು ಕಟ್ಟಿಹಾಕಬಹುದೆಂದು ತಮ್ಮ ಮಾತಿಗೆ ಅರ್ಥಮಾಡಬಾರದೆಂದು ಕೇಗನ್ನರೂ ತೀರ್ಪಿನಲ್ಲಿ ಎಚ್ಚರಿಸಿದ್ದಾರೆ.

ನಮ್ಮ ದೇಶದ ವಿಷಯವೇನೆಂದು ಪೋಷಕರು ಕೇಳಬಹುದು. ನಮ್ಮ ರಾಷ್ಟ್ರಪತಿಯನ್ನು ಆರಿಸುವವರು ಪಾರ್ಲಿಮೆಂಟಿನ ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು. ಮತದಾನ ಗುಪ್ತವಾದುದು, ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಇದು ಸರಿಯೆಂದೇ ನನ್ನ ಅಭಿಪ್ರಾಯ. ಅವರು ಹೆಸರಿಲ್ಲದ ಚುನಾಯಕರಲ್ಲ. ನಾವು ಮುಖ ನೋಡಿ ಆರಿಸಿದ ಪ್ರತಿನಿಧಿಗಳು, ಮತ್ತೆ ನಮ್ಮ ಮುಂದೆ ಬಂದು ನಿಲ್ಲಬೇಕಾದವರು. ರಾಷ್ಟ್ರಪತಿಯಾಗಿ ಇಂಥವರನ್ನೇ ಆರಿಸುವೆವೆಂದು ಅವರು ಚುನಾವಣೆಯಲ್ಲಿ ನಮಗೆ ಮಾತು ಕೊಟ್ಟಿರುವುದೂ ಇಲ್ಲ. ಆದಾಗ್ಯೂ ಮನಸ್ಸಾಕ್ಷಿಯೆಂಬ ಮಾತು ಇಲ್ಲಿಯೂ ದೊಡ್ಡ ಗಾಳಿಯೆಬ್ಬಿಸಿದೆ. 1969ರ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕಾಂಗ್ರೆಸ್ಸಿನ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಗೊತ್ತುಮಾಡಿದರು. ಆಗ ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರೆಡ್ಡಿಯವರ ಹೆಸರನ್ನು ಸೂಚಿಸಿ ಸಹಿ ಹಾಕಿದ್ದ ಪ್ರಧಾನಿ ಇಂದಿರಾ ಗಾಂಧಿಯವರೇ ಮುಂದೆ ಮನಸ್ಸಾಕ್ಷಿಯಂತೆ ಮತ ಹಾಕಿರೆಂದು ಕರೆಯಿತ್ತರು. ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಾದ ಮೇಲೆ ವಿ. ವಿ. ಗಿರಿಯವರು 4,20,077ಕ್ಕೆ 4,05,427ರಂತೆ ಗೆದ್ದರು. ಸದಸ್ಯರು ಸ್ವತಂತ್ರರಾಗಿದ್ದರು, ತಪ್ಪಿಲ್ಲ. ಸಹಿ ಹಾಕುವ ಮುಂಚೆ ಮನಸ್ಸಾಕ್ಷಿಯನ್ನು ಕೇಳಬೇಕಾಗಿತ್ತೆಂದು ಮಾತ್ರ ನನಗೆ ಅನ್ನಿಸುತ್ತದೆ.

ಮತ್ತೆ ಪೆನ್ಸಿಲ್ವೇನಿಯಕ್ಕೆ. 2020ರ ತೀರ್ಪು ಸಂಸ್ಥಾನಗಳು ಚುನಾಯಕರನ್ನು ಕಟ್ಟಿಹಾಕಬಹುದೆಂದಿತೇ ಹೊರತು ಕಟ್ಟಿಹಾಕಲೇಬೇಕೆನ್ನಲಿಲ್ಲ. ಆಗ 32 ಸಂಸ್ಥಾನಗಳಲ್ಲಿಯೂ ರಾಜಧಾನಿಯಲ್ಲಿಯೂ ಅಂಥ ಕಾನೂನುಗಳಿದ್ದವು. ಪೆನ್ಸಿಲ್ವೇನಿಯವು ಆ ಗುಂಪಿನಲ್ಲಿರಲಿಲ್ಲ. 2020ರಲ್ಲಾಗಲಿ 2024ರಲ್ಲಾಗಲಿ ದೇಶದ ಒಬ್ಬ ಚುನಾಯಕನೂ ಮಾತು ತಪ್ಪಲಿಲ್ಲವೆಂಬುದು ಸಮಾಧಾನದ ವಿಷಯವಾದರೂ, ಬಾಗಿಲಿಗೆ ಅಗುಳಿಯಿಲ್ಲದ ಮನೆಯಲ್ಲಿ ಈವರೆಗೆ ಕಳವಾಗಿಲ್ಲವೆಂದು ನಿಶ್ಚಿಂತೆಯಿಂದ ಮಲಗಲಾಗುವುದಿಲ್ಲ. ಕಾನೂನು ಮಾಡುವುದಾದರೆ ದಂಡದ ಕಾನೂನು ಬೇಡವೆನ್ನುತ್ತೇನೆ. ದಂಡದ ಹಣ ಬೊಕ್ಕಸಕ್ಕೆ ಬರುತ್ತದೆ. ಮತವು ಮತದಾರಳಿಗೆ ಹಿಂದಿರುಗಿ ಬರುವುದಿಲ್ಲ. ಸಾವಿರ ಡಾಲರ್ ತೆತ್ತರೆ ಮಾತು ಮುರಿಯಬಹುದೆಂದು ಬೆಲೆ ಕಟ್ಟಿದಂತೆಯೂ ಆಗುತ್ತದೆ. ತಪ್ಪಿದವನ ಚೀಟಿಯನ್ನು ಒಪ್ಪದೆ, ಅವನ ಮೇಲೆ ಹಗೆಯನ್ನೂ ಸಾಧಿಸದೆ, ಆ ಸ್ಥಾನಕ್ಕೆ ಬದಲಿಯವರನ್ನು ಕೂರಿಸುವುದೇ ಮೇಲು. ದಂಡ ವಿಧಿಸಿದ ವಾಷಿಂಗ್ಟನ್ ಸಂಸ್ಥಾನವೇ 2019ರಲ್ಲಿ ದಂಡವನ್ನು ಬಿಟ್ಟು ಬದಲಿಯ ಪದ್ಧತಿಯನ್ನು ಹಿಡಿಯಿತು.

ಬಿಡುವಿದ್ದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಾತಂತ್ರ್ಯವಿಲ್ಲದ ಕುರ್ಚಿಯ ಮೇಲೆ ಮನುಷ್ಯನನ್ನೇಕೆ ಕೂರಿಸಬೇಕೆಂದು ಕೇಳಲಿ. ನಾವು ಚೀಟಿಯಲ್ಲಿ ಎಣಿಕೆ ಬರೆದು ಕಳುಹಿಸಿದಂತೆ ಅವರೂ ಮಾಡಬಹುದು. ಅದಕ್ಕೆ ರಾಜ್ಯಾಂಗವನ್ನೇ ತಿದ್ದಬೇಕು; ಎರಡು ಸಭೆಗಳಲ್ಲಿ ಮೂರನೆಯ ಎರಡು ಪಾಲು, ಆಮೇಲೆ ಐವತ್ತರಲ್ಲಿ 38 ಸಂಸ್ಥಾನಗಳ ಒಪ್ಪಿಗೆ. ನನ್ನ ವಿದ್ಯಾರ್ಥಿನಿ ಅಷ್ಟು ಕಾಲ ಕಾಯಬೇಕಾಗಿಲ್ಲ. ತನ್ನ ಸಂಸ್ಥಾನದ ಶಾಸನಸಭೆಯಲ್ಲಿ ತನ್ನ ಊರಿನ ಪ್ರತಿನಿಧಿ ಯಾರೆಂದು ವಿಚಾರಿಸಿ, ನನಗೆ ಬರೆದ ಕಾಗದವನ್ನೇ ಅವರಿಗೂ ಬರೆಯಲಿ. ನನಗೆ ಬರೆದುದರಲ್ಲಿ ಎರಡು ಕಡೆ ಕಾಗುಣಿತ ತಪ್ಪಿತ್ತು. ಇಂಗ್ಲಿಷಿನಲ್ಲಿ ಅವಳು ಅಷ್ಟು ತಪ್ಪುವವಳಲ್ಲ.